ಸುರಬಾಯದಲ್ಲಿ ನಾನು ನುಂಗಿದ ಅರ್ಧ ಮಾತು

ಮೊದಲ ದಿನ: ಮೀನಿರುವ ಚರಂಡಿ

ಪರದೇಶಕ್ಕೆ ಹೋಗಿ ನಾನು ಮೊಟ್ಟಮೊದಲು ಹೊಟ್ಟೆಕಿಚ್ಚು ಪಟ್ಟಿದ್ದು ಒಂದು ಚರಂಡಿಯನ್ನು ನೋಡಿ. ಅರಮನೆಯಲ್ಲ, ಸಮುದ್ರವಲ್ಲ, ಎರಡಡಿ ಅಗಲದ ಸಿಮೆಂಟ್ ಚರಂಡಿ. ಇಂಡೋನೇಷ್ಯಾದ ಸುರಬಾಯ ಎಂಬ ಊರಿನ ಇಕ್ಕಟ್ಟು ಗಲ್ಲಿಯೊಂದರಲ್ಲಿ ಅದು ಮನೆಗಳ ಹೊಸ್ತಿಲಿಗೆ ತಾಗಿಕೊಂಡೇ ಹರಿಯುತ್ತಿತ್ತು. ಬಗ್ಗಿ ನೋಡಿದರೆ ಒಳಗೆ ಕೆಂಪು ಮೀನುಗಳು ಬಾಲ ಆಡಿಸುತ್ತಿದ್ದವು.

"ಟೀಚರೇ, ಮೀನು!" ಎಂದು ಗುಲಾಬಿ ನನ್ನ ಸೆರಗು ಜಗ್ಗಿದಳು. "ನಮ್ಮೂರ ಚರಂಡೀಲಿ ಸೊಳ್ಳೆ ಬಿಟ್ರೆ ಎಂತ ಸಾಕಕ್ಕಾಗ್ತದೆ ಹೇಳಿ."

ನಾನು ನಗಲಿಲ್ಲ. ತೀರ್ಥಹಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ಚರಂಡಿಗೆ ಕಲ್ಲುಚಪ್ಪಡಿ ಮುಚ್ಚಿಸಿ ಅದನ್ನೇ ಪ್ರೋಗ್ರೆಸ್ ಎಂದು ಭಾಷಣ ಮಾಡಿದವಳು ನಾನು. ಇಲ್ಲಿಯವರು ತೆರೆದಿಟ್ಟು ಮೀನು ಬಿಟ್ಟಿದ್ದಾರೆ. ಮೀನು ಸತ್ತರೆ ಯಾರೋ ಸೋಪಿನ ನೀರು ಚೆಲ್ಲಿದ್ದಾರೆಂದು ಇಡೀ ಗಲ್ಲಿಗೆ ಗೊತ್ತಾಗುತ್ತದಂತೆ. ಗಲ್ಲಿಯ ಬಾಯಲ್ಲಿ ಕಮಾನು, ಕಮಾನಿನ ಕೆಳಗೆ 'ಇಳಿದು ಗಾಡಿ ತಳ್ಳಿ' ಎಂಬ ಬೋರ್ಡು. ಅಲ್ಲಿಗೆ ಬಂದ ಮೋಟಾರ್‌ಬೈಕಿನವರು ಒಬ್ಬೊಬ್ಬರೇ ಇಳಿದು, ಇಂಜಿನ್ ಆರಿಸಿ, ಗಾಡಿ ತಳ್ಳಿಕೊಂಡು ಮನೆಗೆ ಹೋಗುತ್ತಿದ್ದರು. ಪೊಲೀಸರಿಲ್ಲ, ಬೈಯುವವರಿಲ್ಲ. ಇದಕ್ಕೂ ಹೊಟ್ಟೆ ಉರಿಯಿತು.

ನಾವು ಅಲ್ಲಿಗೆ ಹೋದ ಕಾರಣ ಹೇಳಬೇಕು. ನಾನು ಮೂವತ್ತನಾಲ್ಕು ವರ್ಷ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು. ಈಗ ಎಪ್ಪತ್ತೊಂದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹೆಂಗಸರು ಸೇರಿ ಕಟ್ಟಿಕೊಂಡ ಕಸದ ಸಮಿತಿಗೆ ನಾನು ಪ್ರೆಸಿಡೆಂಟ್. ಗುಲಾಬಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಪಂಚಾಯಿತಿಯ ಕಸದ ಗಾಡಿ ಓಡಿಸುತ್ತಾಳೆ. ಕವಲೇದುರ್ಗದ ಬುಡದ ಹಳ್ಳಿಯ ಮಗಳು, ನಗರದ ಸೊಸೆ, ನಲವತ್ತು ದಾಟಿದವಳು. ಹಿಂದೊಮ್ಮೆ ಜಪಾನಿನ ಕೆಲವರು ಸುರಬಾಯದ ಹೆಂಗಸರಿಗೆ ಅಡುಗೆಮನೆಯ ಕಸವನ್ನು ಬುಟ್ಟಿಯಲ್ಲೇ ಗೊಬ್ಬರ ಮಾಡುವುದನ್ನು ತೋರಿಸಿಕೊಟ್ಟಿದ್ದರು. ಈಗ ಸುರಬಾಯದ ಹೆಂಗಸರು ನಮ್ಮಂಥ ದೇಶದವರನ್ನು ಕರೆಸಿ ಅದನ್ನೇ ತೋರಿಸುತ್ತಾರೆ. ಈ ಸಲ ನೇಪಾಳದವರು, ಕೀನ್ಯಾದವರು, ನಾವು. ಗುಲಾಬಿಗೆ ಇಂಗ್ಲಿಷ್ ಬಾರದು, ಹಾಗಾಗಿ ನಾನು.

ವಾರದ ಕೊನೆಗೆ ನಮ್ಮೆಲ್ಲರಲ್ಲಿ ಒಬ್ಬರನ್ನು ಆರಿಸಿ ಮೂರು ತಿಂಗಳ ಟ್ರೈನಿಂಗಿಗೆ ಜಪಾನಿಗೆ ಕರೆಸಿಕೊಳ್ಳುತ್ತಾರೆ, ಆಮೇಲೆ ಅವರ ಊರಿಗೆ ಗೊಬ್ಬರದ ಶೆಡ್ ಕಟ್ಟಿಸಿಕೊಟ್ಟು ಜೊತೆಗೆ ನಿಲ್ಲುತ್ತಾರೆ ಎಂದು ಮೊದಲ ಸಂಜೆಯೇ ಸಾತೋ ಸಾನ್ ಹೇಳಿದರು. ಜಪಾನಿನಿಂದ ಬಂದಿದ್ದ ಸಾತೋ ನನ್ನ ಓರಗೆಯ ಮುದುಕ, ಹೆಸರಿನ ಕೊನೆಗೆ ಸಾನ್ ಸೇರಿಸುವುದು ಅವರ ಮರ್ಯಾದೆ. ನಾನು ಲಘುವಾಗಿ ಕೇಳುವವಳ ಹಾಗೆ ಕೇಳಿದೆ: ಏಜ್ ಲಿಮಿಟ್ ಏನಾದರೂ ಇದೆಯೇ?

"ವಯಸ್ಸಿಗೆ ಮಿತಿ ಇಲ್ಲ ಮೇಡಂ," ಎಂದರು ಅವರು ನಿಧಾನದ ಇಂಗ್ಲಿಷಿನಲ್ಲಿ. "ಆದರೆ ದಿನಾ ಕಸ ಮುಟ್ಟುವವರಿಗೆ ಮಾತ್ರ."

ನಾನು ನನ್ನ ಕೈ ನೋಡಿಕೊಂಡೆ. ಚಾಕ್‌ಪೀಸು, ಕೆಂಪು ಇಂಕು, ಇಷ್ಟನ್ನೇ ಮುಟ್ಟಿದ ಕೈ.

ಎರಡನೇ ದಿನ: ಸ್ನಾನ ಆಯಿತೇ?

ನಮ್ಮನ್ನು ಸಿತಿ ಎಂಬವಳ ಮನೆಯಲ್ಲಿ ಇಳಿಸಿದ್ದರು. ತಲೆಗೆ ವಸ್ತ್ರ ಕಟ್ಟಿದ, ದುಂಡು ಮುಖದ, ಆ ಗಲ್ಲಿಯ ಹೆಂಗಸರಿಗೆಲ್ಲ ಲೀಡರ್ ಆದ ಹೆಂಗಸು. ಅಲ್ಲಿ ದೊಡ್ಡವರನ್ನು 'ಬು' ಎಂದು ಕರೆಯುತ್ತಾರೆ, ನಾವು ಅಮ್ಮ ಎಂದ ಹಾಗೆ. ಸಂಜೆಯಾದರೆ ಸಾಕು, ಎದುರು ಸಿಕ್ಕವರೆಲ್ಲ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು. ಸಿತಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು: ನಿಮ್ಮ ಸ್ನಾನ ಆಯಿತೇ?

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಸೆರಗು ಮೂಸಿಕೊಂಡೆ. ಹಚ್ಚಿಕೊಂಡು ಬಂದ ಲ್ಯಾವೆಂಡರ್ ಪೌಡರ್ ಆ ಸೆಕೆಗೆ ಹಿಟ್ಟಾಗಿತ್ತು ನಿಜ, ಆದರೆ ಹೀಗೆ ಕೇಳುವುದೇ? ಎರಡನೇ ಸಲ ಸ್ನಾನ ಮಾಡಿದೆ. ಹೊರಬಂದರೆ ಪಕ್ಕದ ಮನೆಯಾಕೆ ಮತ್ತೆ ಅದನ್ನೇ ಕೇಳಿದಳು.

"ಸುಮ್ನೆ ಕೇಳೋದು ಟೀಚರೇ," ಎಂದಳು ಗುಲಾಬಿ. ಮೆಟ್ಟಿಲ ಮೇಲೆ ಕುಳಿತು ಸಿತಿಯ ಜೊತೆ ಬಸಳೆಯಂಥ ಸೊಪ್ಪು ಬಿಡಿಸುತ್ತಿದ್ದಳು. "ನಾವು ದಾರೀಲಿ ಸಿಕ್ಕವ್ರಿಗೆಲ್ಲ ಊಟ ಆಯ್ತಾ ಅಂತ ಕೇಳಲ್ವಾ? ಕೇಳಿದವ್ರಿಗೆಲ್ಲ ಊಟ ಹಾಕ್ತೀವಾ ಎಂತ?"

ಇಂಗ್ಲಿಷ್ ಬಾರದವಳು ಒಂದು ದಿನದಲ್ಲಿ ತಿಳಿದುಕೊಂಡಿದ್ದಳು. ಇಂಗ್ಲಿಷ್ ಬಲ್ಲ ನಾನು ಎರಡು ಸಲ ಮಿಂದಿದ್ದೆ.

ಅದೇ ದಿನ ನನ್ನ ಗಿಫ್ಟಿನ ಕತೆಯೂ ಆಯಿತು. ಊರಿನಿಂದ ಅಡಿಕೆ ಹಾಳೆಯ ತಟ್ಟೆಗಳನ್ನು ಒಯ್ದಿದ್ದೆ. ಸಿತಿ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು, ನೆರೆಯವರನ್ನೆಲ್ಲ ಕರೆದು ತೋರಿಸಿದಳು. ಆಮೇಲೆ ತಟ್ಟೆಗೆ ಅಂಗಡಿಯವನು ಬಿಗಿದಿದ್ದ ಪ್ಲಾಸ್ಟಿಕ್ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ, ಬಹಳ ನಾಚಿಕೆಯಿಂದ ನನ್ನ ಕೈಗೆ ಮಡಚಿ ಕೊಟ್ಟಳು. ಹೊರಗಿನವರು ತಂದ ಪ್ಲಾಸ್ಟಿಕ್ ಅವರ ಜೊತೆಗೇ ಹೊರಗೆ ಹೋಗಬೇಕು, ಅದು ಗಲ್ಲಿಯ ರೂಲ್. ಕಸದ ಸಮಿತಿಯ ಪ್ರೆಸಿಡೆಂಟ್ ಸುರಬಾಯವನ್ನೆಲ್ಲ ಹ್ಯಾಂಡ್‌ಬ್ಯಾಗಿನಲ್ಲಿ ಕಸ ಇಟ್ಟುಕೊಂಡು ಸುತ್ತಿದಳು.

ಸಂಜೆಯೊಳಗೆ ಗಲ್ಲಿಯ ಮಕ್ಕಳು ಗುಲಾಬಿಯನ್ನು 'ಬು ಗುಲಾ' ಎಂದು ಕರೆಯತೊಡಗಿದ್ದರು. ಅವರ ಭಾಷೆಯಲ್ಲಿ ಗುಲಾ ಎಂದರೆ ಸಕ್ಕರೆಯಂತೆ. ನನ್ನನ್ನು ವಾರಪೂರ್ತಿ ಮೇಡಂ ಎಂದೇ ಕರೆದರು.

ಮೂರನೇ ದಿನ: ಬುಟ್ಟಿಯೊಳಗಿನ ಬಿಸಿ

ಅವರ ಗೊಬ್ಬರದ ಬುಟ್ಟಿ ನೋಡಲು ಏನೂ ಅಲ್ಲ. ಬಟ್ಟೆ ಒಗೆಯಲು ಹಾಕುವ ತೂತಿನ ಬುಟ್ಟಿ, ಒಳಗೆ ರಟ್ಟು, ಕೆಳಗೊಂದು ಮೇಲೊಂದು ಭತ್ತದ ಹೊಟ್ಟು ತುಂಬಿದ ದಿಂಬು, ನಡುವೆ ಹುದುಗು ಬಂದ ತೌಡು. ಅಡುಗೆಮನೆಯ ಕಸ ಹೆಚ್ಚಿ ಹಾಕಿ ಮುಚ್ಚಿದರೆ ಆಯಿತು. ಮಲಗುವ ಕೋಣೆಯ ಮೂಲೆಯಲ್ಲೇ ಇಟ್ಟುಕೊಂಡವರಿದ್ದರು. ವಾಸನೆ ಇಲ್ಲ, ನೊಣ ಇಲ್ಲ. ನಾನು ಕಾನ್ವೆಂಟ್ ಹ್ಯಾಂಡ್‌ರೈಟಿಂಗಿನಲ್ಲಿ ನೋಟ್ಸ್ ಬರೆದುಕೊಂಡೆ. ತುಂಬ ಚೆನ್ನಾಗಿತ್ತು ನೋಟ್ಸು.

ಸಾತೋ ಒಂದು ಬುಟ್ಟಿ ತೆರೆದು, ಇದು ಹೇಗಿದೆ ಹೇಳಿ ಎಂದರು. ನೇಪಾಳದವರು ಬಗ್ಗಿ ನೋಡಿದರು. ಕೀನ್ಯಾದವರು ಮೂಸಿದರು. ನಾನು ಎಕ್ಸಲೆಂಟ್ ಎಂದೆ. ಗುಲಾಬಿ ಬಳೆ ಮೇಲೆ ಸರಿಸಿ ಮೊಣಕೈವರೆಗೆ ಕೈ ಇಳಿಸಿದಳು. ಕಣ್ಣು ಮುಚ್ಚಿ ನಿಂತಳು. ಒಂದು ಹಿಡಿ ಎತ್ತಿ ಹಿಂಡಿ, ಬೆರಳ ಸಂದಿನಿಂದ ಒಸರಿದ ನೀರನ್ನು ತೋರಿಸಿದಳು.

"ನೀರು ಜಾಸ್ತಿ ಆಗಿದೆ. ಬಿಸಿ ಏಳ್ತಾ ಇಲ್ಲ. ಎಮ್ಮೆ ಹಾಲಿಗೆ ಹೆಪ್ಪು ಹಾಕಿ ಚಳಿಗೆ ಹೊರಗಿಟ್ಟ ಹಂಗೆ ಆಗಿದೆ ಇದು. ಒಣ ತೌಡು ಹಾಕಿ ತಿರುವಿ, ಗೋಣಿ ಹೊದಿಸಿ ಅನ್ನಿ."

ನಾನು ಹೇಳಿದೆ. ಸಾತೋ ಮುದುಕ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಬೇಕೆಂದೇ ಕೆಡಿಸಿಟ್ಟ ಬುಟ್ಟಿಯಂತೆ ಅದು. ನಾನು ಎಕ್ಸಲೆಂಟ್ ಎಂದಿದ್ದು ಎಲ್ಲರಿಗೂ ಕೇಳಿಸಿತ್ತು.

ನಾಲ್ಕನೇ ದಿನ: ದನಕ್ಕೆ ಕೊಡ್ತೀರಾ?

ಈ ದಿನ ಪ್ರತಿ ದೇಶದವರೂ ಎದ್ದು ನಿಂತು, ತಮ್ಮ ಊರಿನ ಮನೆಗಳಲ್ಲಿ ಕಸ ಬೇರ್ಪಡಿಸಲು ಹೇಗೆ ಕಲಿಸಿದೆವೆಂದು ಹೇಳಬೇಕಿತ್ತು. ಗುಲಾಬಿ ಹೇಳುವುದು, ನಾನು ಇಂಗ್ಲಿಷಿಗೆ ತಿರುಗಿಸುವುದು. ಅವಳು ಯಾವ ಕತೆ ಹೇಳುತ್ತಾಳೆಂದು ನನಗೆ ಮೊದಲೇ ಗೊತ್ತಿತ್ತು.

ಆ ಕತೆ ಹೀಗಿದೆ. ಹಸಿ ಕಸ ಒಣ ಕಸ ಎಂದರೆ ನಮ್ಮ ಹೆಂಗಸರಿಗೆ ತಲೆಗೆ ಹೋಗುತ್ತಿರಲಿಲ್ಲ. ಆಗ ನನಗೊಂದು ಬ್ರಿಲಿಯಂಟ್ ಐಡಿಯಾ ಹೊಳೆಯಿತು. ಮುಸುರೆ ಎಂದರೆ ನಮ್ಮ ಕಡೆ ಯಾವ ಮನೆಯ ಹೆಂಗಸಿಗೂ ಗೊತ್ತು. ಬೆಂದ ಅನ್ನ, ಸಾರು, ಅದು ತಾಗಿದ್ದೆಲ್ಲ ಮುಸುರೆ. "ಮುಸುರೆ ಹಸಿರು ಬಕೆಟ್ಟಿಗೆ, ಉಳಿದದ್ದು ನೀಲಿ ಬಕೆಟ್ಟಿಗೆ" ಎಂದು ಪ್ಯಾಂಫ್ಲೆಟ್ ಹೊಡೆಸಿ ಮೂರೂ ತಾಲ್ಲೂಕಿಗೆ ಹಂಚಿಸಿದೆ. ಹೆಂಗಸರು ಅಕ್ಷರ ತಪ್ಪದೆ ಪಾಲಿಸಿದರು. ಹಸಿ ಸೌತೆಕಾಯಿ ಸಿಪ್ಪೆ ಮುಸುರೆಯಲ್ಲವಲ್ಲ, ಅದು ನೀಲಿಗೆ. ದೇವರ ನಿರ್ಮಾಲ್ಯದ ಹೂವು ಮುಸುರೆಯ ಜೊತೆಗೆ ಹಾಕಲುಂಟೇ, ಅದೂ ನೀಲಿಗೆ. ಹೋಟೆಲಿನಿಂದ ಸಾಂಬಾರು ತಂದ ಪ್ಲಾಸ್ಟಿಕ್ ಕವರು ಮುಸುರೆ, ಅದು ಹಸಿರಿಗೆ. ಮಡಿ ಕೆಡಲಿಲ್ಲ, ಕಸ ಪೂರ್ತಿ ಕೆಟ್ಟಿತು. ಗುಲಾಬಿ ತಿಂಗಳುಗಟ್ಟಲೆ ಗಾಡಿಯ ಹಿಂದೆ ನಿಂತು ಕೈಯಲ್ಲಿ ಆರಿಸಿದಳು.

ಆಮೇಲೆ ಅವಳೇ, ಯಾರನ್ನೂ ಕೇಳದೆ, ಮನೆ ಮನೆ ಬಾಗಿಲಲ್ಲಿ ಹೊಸ ರೂಲ್ ಹೇಳತೊಡಗಿದಳು. ಮುಸುರೆಯ ಕತೆಯಿಂದ ಹಿಡಿದು ಅದೆಲ್ಲವನ್ನೂ ಈಗ ಸುರಬಾಯದ ಸಭೆಗೂ ಹೇಳಿದಳು.

"ನಾನು ಕೇಳೋದು ಒಂದೇ. ಅಮ್ಮಾ, ಇದನ್ನ ನಿಮ್ಮ ದನಕ್ಕೆ ಕೊಡ್ತೀರಾ? ಕೊಡ್ತೀನಿ ಅಂದ್ರೆ ಹಸಿರು. ಅಯ್ಯೋ ಸಾಯ್ತದೆ ಅಂದ್ರೆ ನೀಲಿ. ದನ ಇಲ್ದೇ ಇದ್ದವ್ರೂ ಹೇಳ್ತಾರೆ ಮಾರ್ರೆ, ದನ ಎಂತ ತಿಂತದೆ ಅಂತ ಯಾರಿಗೆ ಗೊತ್ತಿಲ್ಲ?"

ಸಭೆ ಗೊಳ್ಳೆಂದು ನಕ್ಕಿತು. ಕೀನ್ಯಾದ ಹೆಂಗಸು ಎದ್ದು ಬಂದು ಅವಳ ಬೆನ್ನು ತಟ್ಟಿದಳು. ತಮ್ಮಲ್ಲಿ ಮೇಕೆ ಎಂದರೆ ಆಯಿತು ಎಂದಳು. ಸಾತೋ ಕೇಳಿದರು: ಆ ಮೊದಲಿನ ತಪ್ಪು ರೂಲ್ ಯಾರದು?

ನಾನು ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದೆ. ಗುಲಾಬಿ ನನ್ನತ್ತ ನೋಡಲೂ ಇಲ್ಲ. "ನಮ್ದೇ. ನಾವೆಲ್ಲ ಸೇರಿ ಮಾಡಿದ್ದು ಅನ್ನಿ," ಎಂದಳು.

ನನ್ನನ್ನು ಕಾಪಾಡಿದಳು. ಅವಳು ಕಾಪಾಡಿದ್ದನ್ನು ನನಗೆ ಸಹಿಸಲಾಗಲಿಲ್ಲ. ಹೆಸರು ಹೇಳಿದ್ದರೆ ಬಹುಶಃ ಇಷ್ಟು ಉರಿಯುತ್ತಿರಲಿಲ್ಲ.

ಐದನೇ ದಿನ: ಒಂದು ಫುಲ್‌ಸ್ಟಾಪ್

ಇಂಟರ್‌ವ್ಯೂ ಇದ್ದದ್ದು ಗಲ್ಲಿಯ ಸಮುದಾಯ ಭವನದಲ್ಲಿ. ಚಿಕ್ಕ ಕೋಣೆ, ಫ್ಯಾನು, ಮೇಜಿನಾಚೆ ಸಾತೋ ಮತ್ತು ಸಿತಿ. ಈಚೆ ಗುಲಾಬಿ, ಅವಳ ಪಕ್ಕದಲ್ಲಿ ನಾನು. ಗುಲಾಬಿ ಇದ್ದುದರಲ್ಲೇ ಒಳ್ಳೆಯ ಹಸಿರು ಸೀರೆ ಉಟ್ಟು, ಸಿತಿ ಕೊಟ್ಟ ಮಲ್ಲಿಗೆ ಮುಡಿದಿದ್ದಳು. ಪ್ರಶ್ನೆಗಳು ಸುಲಭವಾಗಿದ್ದವು. ಎಲ್ಲಕ್ಕೂ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಕೊನೆಗೆ ಸಾತೋ ಕೇಳಿದರು: ಮೂರು ತಿಂಗಳು ಮನೆ ಬಿಟ್ಟು ಬರಲು ಸಾಧ್ಯವೇ?

ಗುಲಾಬಿ ನನ್ನ ಕಡೆ ಪೂರ್ತಿ ತಿರುಗಿ ಕುಳಿತಳು.

"ಕಷ್ಟ ಆಗ್ತದೆ ಟೀಚರೇ. ಅತ್ತೆಗೆ ಕಾಲು ಬರಲ್ಲ, ಮಗಳದ್ದು ಎಸ್ಸೆಸ್ಸೆಲ್ಸಿ. ಆದ್ರೆ ನಮ್ಮನೆಯವ್ರು ನಾನು ನೋಡ್ಕೋತೀನಿ, ನೀ ಹೋಗು ಅಂದಿದಾರೆ. ಗಾಡಿ ಓಡ್ಸಕ್ಕೆ ನಮ್ಮ ವಾರಗಿತ್ತಿ ಲೈಸೆನ್ಸ್ ಮಾಡ್ಸಿದಾಳೆ. ಎಂತ ಆದ್ರೂ ಬರ್ತೀನಿ ಅನ್ನಿ. ಖಂಡಿತ ಬರ್ತೀನಿ ಅನ್ನಿ."

ನಾನು ಸಾತೋ ಕಡೆ ತಿರುಗಿದೆ. "ಇಟ್ ವಿಲ್ ಬಿ ಡಿಫಿಕಲ್ಟ್ ಫಾರ್ ಹರ್," ಎಂದೆ. ಅತ್ತೆಗೆ ನಡೆಯಲಾಗದು, ಮಗಳಿಗೆ ಪಬ್ಲಿಕ್ ಪರೀಕ್ಷೆ ಎಂದೆ. ಅಲ್ಲಿಗೆ ನಿಲ್ಲಿಸಿ ನೀರಿನ ಲೋಟ ಎತ್ತಿಕೊಂಡೆ.

ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಗ್ರಾಮರ್ ಹೇಳಿಕೊಟ್ಟವಳಿಗೆ ಫುಲ್‌ಸ್ಟಾಪ್ ಎಲ್ಲಿಡಬೇಕೆಂದು ಗೊತ್ತಿತ್ತು. ಸಾತೋ ಸ್ವಲ್ಪ ಹೊತ್ತು ಕಾದರು. ನಾನು ನೀರು ಕುಡಿಯುತ್ತಲೇ ಇದ್ದೆ. ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಗುಲಾಬಿ ಎರಡೂ ಕೈ ಜೋಡಿಸಿ ನಕ್ಕಳು. ಅವಳು ಖಂಡಿತ ಬರುತ್ತೇನೆ ಎಂದಿದ್ದಕ್ಕೆ ಅವರು ಸರಿ ಎಂದರೆಂದು ತಿಳಿದಿದ್ದಳು.

ಯಾಕೆ ಹಾಗೆ ಮಾಡಿದೆ? ಕಾನ್ವೆಂಟಿನಲ್ಲಿ ನಾವು ಜಾಗ್ರಫಿ ಕ್ಲಾಸಿನಲ್ಲಿ ಕಣ್ಣು ಮುಚ್ಚಿ ಮ್ಯಾಪಿನ ಮೇಲೆ ಬೆರಳಿಡುವ ಆಟ ಆಡುತ್ತಿದ್ದೆವು. ಜಾವಾ, ಸುಮಾತ್ರ, ಹೊಕ್ಕೈಡೋ ಎಲ್ಲವನ್ನೂ ನಾನು ತಪ್ಪದೆ ಮುಟ್ಟುತ್ತಿದ್ದೆ. ಸಿಸ್ಟರ್ ನನಗೇ ಪ್ರೈಸ್ ಕೊಡುತ್ತಿದ್ದರು. ಆ ಬೆರಳು ಆಮೇಲೆ ಶಿವಮೊಗ್ಗ ದಾಟಲು ಐವತ್ತೈದು ವರ್ಷ ಹಿಡಿಯಿತು. ಮ್ಯಾಪ್ ನೋಡಿಯೇ ಇರದವಳು ನನ್ನ ಪಕ್ಕದಲ್ಲಿ ಕುಳಿತು, ಜಪಾನಿಗೆ ಖಂಡಿತ ಬರ್ತೀನಿ ಅನ್ನಿ ಎಂದು ನನ್ನ ಬಾಯಿಂದಲೇ ಹೇಳಿಸುತ್ತಿದ್ದಳು. ಕಾರಣ ಇದೇ. ಇದು ಕಾರಣವೇ ಹೊರತು ನೆಪವಲ್ಲ.

ಆರನೇ ದಿನ: ಬೋರ್ಡಿನ ಮುಂದೆ

ಬೆಳಿಗ್ಗೆ ಸಮುದಾಯ ಭವನದ ಬೋರ್ಡಿನಲ್ಲಿ ನೇಪಾಳದ ಹೆಂಗಸಿನ ಹೆಸರಿತ್ತು. ಒಳ್ಳೆಯ ಕೆಲಸಗಾರ್ತಿ, ಅವಳ ಬಗ್ಗೆ ನನ್ನದೇನೂ ಮಾತಿಲ್ಲ. ಸಿತಿ ಓಡಿಬಂದು ಗುಲಾಬಿಯ ಎರಡೂ ಕೆನ್ನೆ ಹಿಡಿದಳು. ಕಣ್ಣಲ್ಲಿ ನೀರು ತಂದುಕೊಂಡು, ತನಗೆ ಬರುವ ತುಂಡು ಇಂಗ್ಲಿಷಿನಲ್ಲಿ "ಬು ಗುಲಾ ನಂಬರ್ ಒನ್. ಬಟ್ ಫ್ಯಾಮಿಲಿ ಡಿಫಿಕಲ್ಟ್," ಎಂದಳು.

ಗುಲಾಬಿ ಬ್ಯಾಂಕಿಗೆ ಹೋದವಳು, ತಾಲ್ಲೂಕು ಆಫೀಸಿನಲ್ಲಿ ಸಾಲು ನಿಂತವಳು. ಡಿಫಿಕಲ್ಟ್ ಎಂಬ ಮಾತನ್ನು ಆ ಕಿಟಕಿಗಳಲ್ಲಿ ಎಷ್ಟೋ ಸಲ ಕೇಳಿದವಳು. ಸಿತಿಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ನನ್ನ ಕಡೆ ನೋಡಿದಳು.

"ಟೀಚರೇ, ನಾನು ಖಂಡಿತ ಬರ್ತೀನಿ ಅಂದಿದ್ದು ಹೇಳಿದ್ರಾ?"

ಹೇಳಿದೆ ಎನ್ನಬಹುದಿತ್ತು. ಅವಳಿಗೆ ಹೇಗೆ ಗೊತ್ತಾಗಬೇಕು?

"ಇಲ್ಲ," ಎಂದೆ.

"ಮರ್ತ್ರಾ?"

"ಇಲ್ಲ ಗುಲಾಬಿ. ಮರೆಯಲಿಲ್ಲ."

ಅವಳು ಗಲ್ಲಿಯ ಒಳಗೆ ನಡೆದು ಹೋದಳು.

ನಾನು ಸಾತೋರನ್ನು ಹುಡುಕಿಕೊಂಡು ಹೋದೆ. ಗೊಬ್ಬರದ ಮನೆಯಲ್ಲಿ ಬುಟ್ಟಿ ತಿರುವುತ್ತಿದ್ದರು. ನಿನ್ನೆ ನಾನು ಅರ್ಧ ವಾಕ್ಯ ಹೇಳಿದೆ, ಉಳಿದರ್ಧ ಇದು, ಎಂದು ಹೇಳಿದೆ. ಅವರು ಸಲಿಕೆ ಊರಿ ನಿಂತರು. ಹೆಸರು ರಾತ್ರಿಯೇ ಜಪಾನಿಗೆ ಹೋಗಿದೆ, ನೇಪಾಳದವರಿಗೂ ತಿಳಿಸಿಯಾಗಿದೆ, ಕೊಟ್ಟ ಜಾಗ ಹಿಂದೆ ತೆಗೆದುಕೊಳ್ಳಲಾಗದು. ಮುಂದಿನ ತಂಡವೊಂದಿದೆ. ಏನಾಯಿತೆಂದು ಬರೆದುಕೊಡಿ, ಕಳಿಸಿ ನೋಡುತ್ತೇನೆ. ಇಷ್ಟು ಹೇಳಿ ಮತ್ತೆ ಬುಟ್ಟಿಗೆ ಬಗ್ಗಿದರು. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಹಿಂತಿರುಗುವ ದಾರಿ: ವಿಮಾನ ನಿಲ್ದಾಣದ ಬೆಂಚು

ನಡುವೆ ವಿಮಾನ ಬದಲಿಸಲು ಅರ್ಧ ದಿನ ಕಾಯಬೇಕಿತ್ತು. ಗುಲಾಬಿ ಒಂದು ದಿನದಿಂದ ನನ್ನ ಜೊತೆ ಮಾತಾಡಿರಲಿಲ್ಲ. ಆದರೂ ನನ್ನ ಬ್ಯಾಗ್ ಎತ್ತಿಕೊಂಡೇ ಬಂದಿದ್ದಳು, ಎಸ್ಕಲೇಟರ್ ಬಳಿ ಮೊಣಕೈ ಹಿಡಿದಿದ್ದಳು. ಬೈದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು.

ನಾನು ಬೆಂಚಿನಲ್ಲಿ ಕೂತು ಸಾತೋಗೆಂದು ಇಂಗ್ಲಿಷಿನಲ್ಲಿ ಬರೆದ ಪತ್ರವನ್ನು ಅವಳ ಕಡೆ ಚಾಚಿದೆ. ಅವಳು ಮುಟ್ಟಲಿಲ್ಲ.

"ನಂಗೆಂತ ಓದಕ್ಕೆ ಬರ್ತದಾ? ನೀವೇ ಓದಿ. ಕನ್ನಡದಲ್ಲಿ. ಒಂದೂ ಬಿಡ್ದೆ."

ಓದಿದೆ. ನನ್ನ ಅಜಾಗರೂಕತೆಯಿಂದ ಅಭ್ಯರ್ಥಿಯ ಉತ್ತರ ಪೂರ್ತಿಯಾಗಿ ತಮಗೆ ತಲುಪಲಿಲ್ಲ, ಆಕೆ ಬರಲು ಸಿದ್ಧಳಿದ್ದಾಳೆ, ದಯವಿಟ್ಟು ಪರಿಗಣಿಸಿ. ಒಳ್ಳೆಯ ಇಂಗ್ಲಿಷ್, ಕನ್ನಡದಲ್ಲೂ ಕೆಟ್ಟದಾಗಿ ಕೇಳಿಸಲಿಲ್ಲ.

"ಅಜಾಗರೂಕತೆ ಅಂದ್ರೆ ಗೊತ್ತಾಗ್ದೇ ಆಗಿದ್ದು ಅಲ್ದಾ?"

"ಹೌದು."

"ಗೊತ್ತಾಗ್ದೇ ಆಗಿದ್ದಾ?"

ನಾನು ಪತ್ರವನ್ನು ಮಡಿಲಲ್ಲಿಟ್ಟುಕೊಂಡೆ. ಅವಳು ಎದುರಿನ ಗಾಜಿನಾಚೆ ನಿಂತ ವಿಮಾನವನ್ನೇ ನೋಡುತ್ತ ಹೇಳಿದಳು: "ನಿಮಗೆ ನನ್ ಮೇಲೆ ಹೊಟ್ಟೆಕಿಚ್ಚು. ಬುಟ್ಟಿಗೆ ಕೈ ಹಾಕಿದ ದಿನಾನೇ ಗೊತ್ತಾಯ್ತು ನಂಗೆ. ಇರ್ಲಿ ಬಿಡಿ. ನಂಗೂ ನಿಮ್ಮೇಲೆ ಇತ್ತು. ಆ ಇಂಗ್ಲಿಷು ನೀರು ಹರಿದ ಹಂಗೆ ಬರ್ತದಲ್ಲ ನಿಮ್ಮ ಬಾಯಲ್ಲಿ, ನಂಗೂ ಬಂದಿದ್ರೆ ಅಂತ ಸಂಕಟ ಆಗ್ತಿತ್ತು. ಆದ್ರೆ ನಾನು ನಿಮ್ಮ ಬಾಯಿಗೆ ಅಡ್ಡ ಕೈ ಇಡ್ಲಿಲ್ಲ."

ನಾನು ಪೆನ್ನು ತೆಗೆದೆ. ಅಜಾಗರೂಕತೆ ಎಂಬುದನ್ನು ಹೊಡೆದುಹಾಕಿ, ಅವಳ ಮೇಲಿನ ಅಸೂಯೆಯಿಂದ ಬೇಕೆಂದೇ ಬಿಟ್ಟೆ ಎಂದು ಮೇಲೆ ಬರೆದೆ. ಪತ್ರ ಗಲೀಜಾಯಿತು. ಕಾನ್ವೆಂಟಿನಲ್ಲಾಗಿದ್ದರೆ ಸಿಸ್ಟರ್ ಹೊಸ ಹಾಳೆ ಕೊಡುತ್ತಿದ್ದರು. ಹಾಗೆಯೇ ಫೋಟೋ ತೆಗೆದು ಸಾತೋ ಸಾನ್‌ಗೆ ಕಳಿಸಿದೆ.

ಊರು: ಗಾಡಿ ನಿಲ್ಲುವ ಜಾಗ

ಉತ್ತರ ಬರಲು ಬಹಳ ದಿನ ಹಿಡಿಯಿತು. ಅಷ್ಟರಲ್ಲಿ ನಾನು ಮೂರು ತಾಲ್ಲೂಕಿನಲ್ಲೂ ಸುರಬಾಯದ ಬಗ್ಗೆ ಭಾಷಣ ಮಾಡಿದ್ದೆ, ಚರಂಡಿಯ ಮೀನಿನ ಫೋಟೋ ತೋರಿಸಿದ್ದೆ. ಹೊಸನಗರದ ಸಭೆಯಲ್ಲಿ ಯಾರೋ, ನೀವ್ಯಾಕೆ ಜಪಾನಿಗೆ ಸೆಲೆಕ್ಟ್ ಆಗ್ಲಿಲ್ಲ ಮೇಡಂ ಎಂದೂ ಕೇಳಿದ್ದರು.

ಮೇಲ್ ಬಂದ ದಿನ ಅದನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಬೆಳಗಿನ ಬಸ್ಸು ಹತ್ತಿ ನಗರಕ್ಕೆ ಹೋದೆ. ಪಂಚಾಯಿತಿ ಕಟ್ಟಡದ ಹಿಂದೆ ಗುಲಾಬಿ ಗಾಡಿ ತೊಳೆಯುತ್ತಿದ್ದಳು. ನನ್ನನ್ನು ನೋಡಿ ಪೈಪು ನಿಲ್ಲಿಸಿದಳು.

"ಬಂತಾ?"

"ಬಂತು."

"ಓದಿ."

ಸೀರೆಯ ನೆರಿಗೆ ಎತ್ತಿಕೊಂಡು ಒದ್ದೆ ನೆಲದಲ್ಲೇ ನಿಂತು ಓದಿದೆ. ಮುಂದಿನ ತಂಡದಲ್ಲಿ ಶ್ರೀಮತಿ ಗುಲಾಬಿಯವರಿಗೆ ಜಾಗ ಇದೆ. ಮೂರು ತಿಂಗಳು. ಹಿಂತಿರುಗಿದ ಮೇಲೆ ಶೆಡ್ಡಿನ ಮಾತು. ಗುಲಾಬಿ ಒದ್ದೆ ಕೈಯನ್ನು ಬಾಯಿಗೆ ಒತ್ತಿಕೊಂಡಳು. ಪತ್ರದಲ್ಲಿ ಇನ್ನೂ ಒಂದು ಸಾಲಿತ್ತು. ಅವಳಿಗೆ ಅದು ಕಾಣುವಂತಿರಲಿಲ್ಲ, ಕಂಡರೂ ಓದುವಂತಿರಲಿಲ್ಲ.

"ಈ ಬಾರಿ ಮಾತು ತಿರುಗಿಸುವವರನ್ನು ನಾವೇ ನೇಮಿಸುತ್ತೇವೆ," ಎಂದು ಓದಿದೆ. "ಮೇಡಂ ಜೊತೆಗೆ ಬರುವ ಅಗತ್ಯವಿಲ್ಲ."

ಪೈಪಿನ ಬಾಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗುಲಾಬಿ ನನ್ನ ಮುಖ ನೋಡಿದಳು, ಫೋನು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು.

"ಇದೊಂದನ್ನ ಬಿಡ್ಬೋದಿತ್ತು ಟೀಚರೇ," ಎಂದಳು.